ಆಡು ಮುಟ್ಟದ ಸೊಪ್ಪು

ಇವರಿಗೆ,
ಶ್ರೀಯುತ ಕ್ರಿ-ಕ್ರಿ ಹೋತಗಳು ಮತ್ತು ಸಮಸ್ತ ಆಡು ಬಳಗ,
ಸಮರಿಯಾ ಕಮರಿ, ಶ್ವೇತ ಪರ್ವತಗಳು,
ಕ್ರೀಟ್ ದ್ವೀಪ, ಗ್ರೀಸ್.

ವಿಷಯ: ತಮ್ಮ ಕಾಲುದಾರಿಗಳಲ್ಲಿ ನಡೆದಾಡಿದ ಬಗ್ಗೆ ವರದಿ ಹಾಗೂ ಕೆಲವು ಸಂದೇಹಗಳ ನಿವಾರಣೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಪತ್ರವನ್ನು ಮೊದಲು ಯಾವುದಾದರೊಂದು ಪ್ರವಾಸೋದ್ಯಮ ಕಚೇರಿಗೆ ಬರೆಯಬೇಕೆಂದಿದ್ದೆ. ಆಮೇಲೆ ಮನಸ್ಸು ಬದಲಾಯಿತು. ಕಚೇರಿಗೆ ಕೊಟ್ಟ ಅರ್ಜಿ ಕಪಾಟು ಸೇರಿ ದೂಳು ತಿನ್ನುತ್ತದೆ. ತಮಗೆ ಕೊಟ್ಟರೆ ಹೊಟ್ಟೆಯನ್ನಾದರೂ ಸೇರುತ್ತದೆ. ಕಾಗದಕ್ಕೆ ಅದಕ್ಕಿಂತ ಸದ್ಗತಿ ಬೇಕೆ? ಅದೂ ಅಲ್ಲದೆ, ಆ ದ್ವೀಪದ ಗುಡ್ಡ, ಕಮರಿ, ಕಾಲುದಾರಿಗಳ ವಿಚಾರದಲ್ಲಿ ನಿಜವಾದ ಸಕ್ಷಮ ಪ್ರಾಧಿಕಾರ ತಾವೇ ಎಂಬುದು ಅಲ್ಲಿ ನಡೆದ ಮೇಲೆ ನನಗೆ ಖಾತ್ರಿಯಾಗಿದೆ.

ನನ್ನ ಪರಿಚಯ ಇಷ್ಟೆ. ಹುಟ್ಟೂರು ಮೈಸೂರು, ಹೊಟ್ಟೆಪಾಡು ಜರ್ಮನಿಯಲ್ಲಿ. ಅಲ್ಲಿರುವ ಕನ್ನಡಿಗರಲ್ಲಿ ಬೇಸಗೆ ಬಂತೆಂದರೆ ಎರಡು ಪಂಗಡ. ಒಂದು ಪಂಗಡ ಊರಿಗೆ ಬಂದು ಮದುವೆಮನೆಗಳಲ್ಲಿ ಉಂಡು ಹೋಗುತ್ತದೆ. ಇನ್ನೊಂದು ಅಗ್ಗದ ವಿಮಾನ ಹಿಡಿದು ಮೆಡಿಟರೇನಿಯನ್ ಸಮುದ್ರದ ಯಾವುದೋ ದ್ವೀಪದಲ್ಲಿ ಇಳಿದು, ಬೆನ್ನಿಗೆ ಚೀಲ ಏರಿಸಿ, ‘ಪ್ರಕೃತಿಯ ಮಡಿಲಲ್ಲಿ’ ಎಂಬ ಅಡಿಬರಹದೊಂದಿಗೆ ಫೋಟೋ ಹಾಕುತ್ತದೆ. ನಾನು ಎರಡನೆಯ ಪಂಗಡ. ಸಾಲ ಮಾಡಿಯಾದರೂ ಒಳ್ಳೆಯ ಬೂಟು ಕೊಂಡವನು.

ನಮ್ಮಂಥವರಿಗೆಂದೇ ಅಚ್ಚಾದ ಕರಪತ್ರಗಳೆಲ್ಲ ಹಾಡುವುದು ಒಂದೇ ರಾಗ: ಮನುಷ್ಯನ ಕೈ ಸೋಕದ ನಿಸರ್ಗ. ಆ ಕೈ ಸೋಕದ ನಿಸರ್ಗಕ್ಕೆ ಹೋಗುವ ಕ್ರಮ ಹೀಗಿದೆ. ಹಾನಿಯಾ ಪಟ್ಟಣದಿಂದ ನಸುಕಿನ ಬಸ್ಸು ಹಿಡಿಯಬೇಕು. ಅದು ಕಿತ್ತಳೆ ತೋಟಗಳನ್ನು ದಾಟಿ, ತಿರುವಿನ ಮೇಲೆ ತಿರುವು ಏರಿ, ಸುತ್ತಲೂ ಬೆಟ್ಟವಿರುವ ಒಮಲೋಸ್ ಬಯಲಿಗೆ ತಂದು ಬಿಡುತ್ತದೆ. ಬಯಲಿನ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,230 ಮೀಟರ್ ಎತ್ತರದಲ್ಲಿ, ಕ್ಸಿಲೋಸ್ಕಾಲೋ ಎಂಬ ಬಾಗಿಲು. ಟಿಕೆಟ್ ಕೊಳ್ಳಬೇಕು, ಕೊಂಡದ್ದನ್ನು ಕೊನೆತನಕ ಜೋಪಾನ ಮಾಡಬೇಕು. ಒಳಗೆ ಹೋದವರೆಲ್ಲ ಹೊರಬಿದ್ದರೇ ಎಂದು ಆ ತುದಿಯಲ್ಲಿ ಲೆಕ್ಕ ನೋಡುತ್ತಾರೆ. ಬಾಗಿಲಿನಿಂದ ಲಿಬಿಯನ್ ಸಮುದ್ರದವರೆಗೆ 16 ಕಿಲೋಮೀಟರ್, ಇಳಿಜಾರು. ಇಳಿಜಾರು ತಾನೆ ಎಂದು ಉಡಾಫೆ ಮಾಡಿದವರ ಮಂಡಿಯನ್ನು ಮರುದಿನ ಮಾತಾಡಿಸಬೇಕು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬಾಗಿಲು ತೆರೆದಿರುತ್ತದೆ. ಅಷ್ಟರಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ಕೈ ಸೋಕದ ನಿಸರ್ಗವನ್ನು ಕಾಲಲ್ಲಿ ಸೋಕಿ ಹೋಗಿರುತ್ತಾರೆ. ರಾತ್ರಿ ತಂಗುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಗಿಡ ಕೀಳುವಂತಿಲ್ಲ, ತೊರೆಗಿಳಿದು ಈಜುವಂತಿಲ್ಲ. ಈ ಕಟ್ಟಳೆಗಳಲ್ಲಿ ಒಂದೂ ತಮಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ. ಅಧಿಕಾರದಲ್ಲಿರುವವರಿಗೆ ಎಲ್ಲ ಕಡೆಯೂ ಹಾಗೆಯೇ.

ಕಮರಿಯ ನಡುವೆ ಸಮರಿಯಾ ಎಂಬ ಊರು. ಕಲ್ಲಿನ ಮನೆಗಳು, ಪಕ್ಕದಲ್ಲೇ 14ನೇ ಶತಮಾನದ ಸಂತ ಮರಿಯಾಳ ಪುಟ್ಟ ಚರ್ಚು. ಮರ ಕಡಿದು, ಆಡು ಮೇಯಿಸಿ ಬದುಕಿದ್ದ ಮಂದಿ. 1770ರಲ್ಲಿ ಸ್ಫಾಕಿಯಾ ಸೀಮೆಯವರು ತುರ್ಕರ ವಿರುದ್ಧ ದಂಗೆ ಎದ್ದಾಗ ಹೆಂಗಸರು ಮಕ್ಕಳು ಅಡಗಿದ್ದು ಈ ಕಮರಿಯಲ್ಲೇ. ತುರ್ಕರಿಂದಲೂ ಖಾಲಿ ಮಾಡಿಸಲಾಗದ ಈ ಊರನ್ನು ಖಾಲಿ ಮಾಡಿಸಿದವರು ತಾವು. 1962ರಲ್ಲಿ ಕಮರಿಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಬೇಟೆಗೆ ಸಿಕ್ಕಿ 200ಕ್ಕಿಂತ ಕಡಿಮೆ ಉಳಿದಿದ್ದ ತಮ್ಮ ಸಂತಾನವನ್ನು ಕಾಪಾಡುವುದೇ ಅದರ ಮುಖ್ಯ ಉದ್ದೇಶ. ಅದೇ ವರ್ಷ ಊರಿನವರನ್ನು ಒಕ್ಕಲೆಬ್ಬಿಸಿದರು. ಅಂದರೆ, ಕೈಬೆರಳೆಣಿಕೆಯ ಮನೆಯವರು ಇದ್ದರೆ ತಮ್ಮ ನೆಮ್ಮದಿಗೆ ಭಂಗ. ಲಕ್ಷ ಜನ ಬೂಟುಗಾಲಿನಲ್ಲಿ ಬಂದು ಹೋದರೆ ಸಂರಕ್ಷಣೆ. ಈ ಲೆಕ್ಕ ಬಗೆಹರಿಯದೆ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ನಾಗರಹೊಳೆಯ ನೆನಪಾಯಿತು. ಅಲ್ಲೂ ಎಷ್ಟೋ ಹಾಡಿಗಳು ಖಾಲಿ, ಸಫಾರಿ ಜೀಪುಗಳು ಭರ್ತಿ. ತಲೆ ಕೆರೆಯುವುದನ್ನು ನಿಲ್ಲಿಸಿದೆ.

ಇನ್ನು ತಮ್ಮ ಕುಲಗೋತ್ರದ ವಿಚಾರ. ಬೇಸರಿಸಬಾರದು, ನಮ್ಮ ಕಡೆಯವರಿಗೆ ಯಾರೇ ಸಿಕ್ಕರೂ ಇದನ್ನು ವಿಚಾರಿಸದೆ ಊಟ ಅರಗುವುದಿಲ್ಲ. ಅಂಗಡಿಗಳ ಟೀ ಷರ್ಟು, ಕೀಲಿಗೊಂಚಲು, ಅಂಚೆ ಕಾರ್ಡುಗಳ ಮೇಲೆಲ್ಲ ತಮ್ಮ ಕೊಂಬಿನ ಚಿತ್ರ. ಕ್ರೀಟಿನ ಕಾಡುತನಕ್ಕೆ, ಅಲ್ಲಿಯವರು ಯಾರಿಗೂ ತಲೆಬಾಗದ ಕೆಚ್ಚಿಗೆ ತಾವೇ ಲಾಂಛನ. ಸಂತೋಷ. ಆದರೆ ಮನುಷ್ಯ ಕಾಲಿಡುವ ಮೊದಲು ಆ ದ್ವೀಪದಲ್ಲಿ ಕುಳ್ಳ ಆನೆ ಇತ್ತು, ಕುಳ್ಳ ನೀರುಕುದುರೆ ಇತ್ತು, ಬಗೆಬಗೆಯ ಜಿಂಕೆ ಇತ್ತು. ಅವುಗಳ ಮೂಳೆ ಸಿಕ್ಕಿವೆ. ಆಡು ಇರಲಿಲ್ಲ. ಸುಮಾರು 9,000 ವರ್ಷಗಳ ಹಿಂದೆ ದೋಣಿಯಲ್ಲಿ ಬಂದು ಕ್ನೋಸಸ್‌ನಲ್ಲಿ ನೆಲೆನಿಂತ ಬೇಸಾಯಗಾರರು ಕುರಿ ಆಡುಗಳನ್ನು ಜತೆಯಲ್ಲಿ ತಂದರು. ತಮ್ಮ ಹಿರೀಕರು ಹಾಗೆ ಮನುಷ್ಯರ ಜತೆ ಬಂದು, ಅವರ ಕೈ ತಪ್ಪಿಸಿಕೊಂಡು ಬೆಟ್ಟ ಹತ್ತಿದವರು. ವಂಶವಾಹಿ ಪರೀಕ್ಷೆ ಮಾಡಿ ನೋಡಿದವರು ತಾವು ಏಷ್ಯಾದ ಕಾಡಾಡಿಗಿಂತ ಕೊಟ್ಟಿಗೆಯ ಆಡಿಗೇ ಹತ್ತಿರದ ನೆಂಟರು ಎಂದಿದ್ದಾರೆ.

ಹೀಗಿದ್ದೂ, ಈಗ ತಮ್ಮ ಹಿತಚಿಂತಕರನ್ನು ಕಾಡುತ್ತಿರುವ ಬಹುದೊಡ್ಡ ಚಿಂತೆ ಯಾವುದು ಗೊತ್ತೆ? ಬೆಟ್ಟದಲ್ಲಿ ಮೇಯುವ ಊರಾಡುಗಳೊಂದಿಗೆ ಕೂಡಿ ತಮ್ಮ ತಳಿ ಬೆರಕೆಯಾಗುತ್ತಿದೆ ಎನ್ನುವುದು. ರಕ್ತ ಶುದ್ಧವಾಗಿ ಉಳಿಯಲೆಂದು ತಮ್ಮಲ್ಲಿ ಕೆಲವರನ್ನು ಹಾನಿಯಾ ತೀರದ ಎದುರಿಗಿರುವ ಥೊಡೊರೂ ಎಂಬ ಪುಟ್ಟ ನಡುಗಡ್ಡೆಯಲ್ಲಿ ಇಟ್ಟು ಕಾಪಾಡುತ್ತಿದ್ದಾರೆ. ಸಾವಿರಾರು ವರ್ಷದ ಹಿಂದೆ ಕೊಟ್ಟಿಗೆ ಬಿಟ್ಟು ಓಡಿದ ಆಡು ಮೇಲು, ಮೊನ್ನೆ ಓಡಿದ ಆಡು ಕೀಳು, ಎರಡೂ ಕೂಡಿದರೆ ಕುಲಕ್ಕೆ ಕಳಂಕ. ಈ ತರ್ಕ ಅರ್ಥವಾಗಲು ನನಗೆ ಗ್ರೀಕ್ ಭಾಷೆ ಬರಬೇಕಾಗಿರಲಿಲ್ಲ. ಭಾನುವಾರದ ಪತ್ರಿಕೆಯ ವಧೂವರರ ಜಾಹೀರಾತು ಓದಿ ಬೆಳೆದವನು ನಾನು.

ತಮ್ಮ ದರ್ಶನಭಾಗ್ಯ ದೊರೆತದ್ದು ಅದೇ ಸಮರಿಯಾ ಊರಿನಲ್ಲಿ, ನೀರಿನ ನಲ್ಲಿಯ ಪಕ್ಕ. ಹಿಂದಿನ ದಿನ ದುರ್ಬೀನು ಹಿಡಿದು ಗಿಂಗಿಲೋಸ್ ಬೆಟ್ಟದ ಕೋಡುಗಲ್ಲುಗಳನ್ನೆಲ್ಲ ಜಾಲಾಡಿದವನು ನಾನು, ಕಂಡಿರಲಿಲ್ಲ. ಇಲ್ಲಿ ನೋಡಿದರೆ ಹಣ್ಣುಹಣ್ಣಾದ ದಂಪತಿ ಬುತ್ತಿ ಬಿಚ್ಚಿದ್ದೇ ತಡ, ಹಾಳುಗೋಡೆಯ ಹಿಂದಿನಿಂದ ತಾವೇ ದಯಮಾಡಿಸಿದಿರಿ. ತಿಳಿಕಂದು ಮೈ, ಬೆನ್ನುದ್ದಕ್ಕೂ ಕಪ್ಪು ಪಟ್ಟೆ, ಹಿಂದಕ್ಕೆ ಬಾಗಿದ ಕೊಂಬಿನ ಮೇಲೆ ಗಂಟುಗಂಟು. ಮುಂಗಾಲೆರಡನ್ನೂ ಕಲ್ಲುಬೆಂಚಿನ ಮೇಲೆ ಊರಿ, ಅಡ್ಡಕಣ್ಣಾಲಿಯಿಂದ ಒಮ್ಮೆ ಎಲ್ಲರ ಚೀಲಗಳ ಸಮೀಕ್ಷೆ ನಡೆಸಿದಿರಿ. ಫೋನುಗಳೆಲ್ಲ ಮೇಲೆದ್ದವು. ‘ಪ್ರಾಣಿಗಳಿಗೆ ತಿನ್ನಿಸಬಾರದು’ ಎಂಬ ಫಲಕಕ್ಕೆ ಒರಗಿ ಕೂತಿದ್ದ ಹೆಂಗಸೊಬ್ಬರು ಸೇಬಿನ ಹೋಳು ಚಾಚಿದರು. ತಾವು ಅದನ್ನು ಅತ್ತಿಂದಿತ್ತ ದವಡೆ ಆಡಿಸಿ ನುರಿಸುವಾಗ, ಸಿಪ್ಪೆಯ ಮೇಲಿನ ಚಿಕ್ಕ ಸ್ಟಿಕ್ಕರ್ ಜಾರಿ ತಮ್ಮ ಗಡ್ಡಕ್ಕೆ ಅಂಟಿಕೊಂಡಿತು. ಅದರ ಮೇಲೆ ದೂರದ ಯಾವುದೋ ದೇಶದ ಹೆಸರು. ಆ ಸ್ಟಿಕ್ಕರ್ ಸಮೇತ ತಮ್ಮ ಫೋಟೋ ನನ್ನಲ್ಲಿದೆ. ಅಧಿಕೃತ ಲಾಂಛನದಲ್ಲಿ ಬಳಸಿಕೊಳ್ಳುವುದಾದರೆ ಕಳಿಸಿಕೊಡುತ್ತೇನೆ.

ತಮ್ಮ ಬಳಗದ ಉಳಿದವರು ಅಷ್ಟು ಸಲಿಗೆಯವರಲ್ಲ. ಅವರು ಮೇಲೆ, ಗೋಡೆಯಂತೆ ಎದ್ದ ಬಂಡೆಯ ಅಂಚುಗಳಲ್ಲಿ, ತಮ್ಮ ಪಾಡಿಗೆ ಓಡಾಡುತ್ತಾರೆ. ಅವರ ಗೊರಸಿಗೆ ಸಿಕ್ಕಿ ಸಡಿಲವಾದ ಕಲ್ಲು ನಮ್ಮ ಪಾಡಿಗೆ ಬರುತ್ತದೆ. ಕಮರಿಯಲ್ಲಿ ಕೆಲವು ಕಡೆ ಎಚ್ಚರಿಕೆಯ ಫಲಕಗಳಿವೆ: ಕಲ್ಲು ಬೀಳುವ ಜಾಗ, ನಿಲ್ಲದೆ ಬೇಗ ನಡೆಯಿರಿ. ಬೇಗ ನಡೆದರೆ ಕಲ್ಲು ಬೀಳುವುದಿಲ್ಲವೋ, ಬಿದ್ದರೂ ಹಿಂದೆ ಬರುವವರ ಮೇಲೆ ಬೀಳಲಿ ಎಂದೋ ತಿಳಿಯದೆ ಎಲ್ಲರೂ ಬೇಗ ನಡೆಯುತ್ತಾರೆ. ಕಮರಿ ಅತ್ಯಂತ ಇಕ್ಕಟ್ಟಾಗುವ ‘ಕಬ್ಬಿಣದ ಬಾಗಿಲು’ ಎಂಬಲ್ಲಿ ಎರಡು ಗೋಡೆಗಳ ನಡುವೆ ಹೆಚ್ಚೂಕಡಿಮೆ 4 ಮೀಟರ್ ಜಾಗ, ಎರಡೂ ಕಡೆ ಸುಮಾರು 300 ಮೀಟರ್ ಎತ್ತರದ ಬಂಡೆ. ಅಲ್ಲಿ ಮಾತ್ರ ಯಾರೂ ಬೇಗ ನಡೆಯುವುದಿಲ್ಲ. ಫೋಟೋಗೆ ಸರದಿ ಇರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಗಾದೆ. ಆ ಗಾದೆ ಕಟ್ಟಿದವರು ಕ್ರೀಟಿನ ಗುಡ್ಡ ನೋಡಿರಲಿಲ್ಲ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಇರುವುದು ಆಡು ಮುಟ್ಟದ ಸೊಪ್ಪೇ. ಮುಳ್ಳಿನ ಬಲೆಯನ್ನೇ ಹೊದ್ದು ಉರುಟಾಗಿ ಕೂತ ಪೊದೆಗಳಿವೆ; ಕಡ್ಡಿ ಮುರಿದರೆ ಹಾಲು ಸುರಿಸಿ ಬಾಯಿ ಸುಡುವ ಕಳ್ಳಿಯ ಜಾತಿಯವು. ಬಿಳಿ ಹೂವಿನ ಗೊಂಚಲು ಎತ್ತಿ ನಿಲ್ಲುವ ಆಸ್ಫೊಡೆಲ್, ಈರುಳ್ಳಿಯಂತೆ ಗೆಡ್ಡೆ ಬಿಟ್ಟು ವಿಷ ತುಂಬಿಕೊಂಡ ಕಡಲೀರುಳ್ಳಿ, ಕೊಳೆತ ಮಾಂಸದ ನಾತ ಬೀರುವ ಕಡುನೇರಳೆ ಡ್ರ್ಯಾಗನ್ ಹೂ, ಇವೆಲ್ಲ ತಾವು ಮೂಸಿ ನೋಡಿ ಬೇಡವೆಂದು ಬಿಟ್ಟವು. ಏಪ್ರಿಲ್ ತಿಂಗಳಲ್ಲಿ ಇಡೀ ಇಳಿಜಾರು ಆಸ್ಫೊಡೆಲ್ ಹೂವಿನಿಂದ ಬೆಳ್ಳಗಾದಾಗ ನಾವು ಮಂಡಿಯೂರಿ, ಮಲಗಿ, ಉಸಿರು ಬಿಗಿಹಿಡಿದು ಫೋಟೋ ತೆಗೆಯುತ್ತೇವೆ. ಮೆಡಿಟರೇನಿಯನ್ ವಸಂತದ ಚೆಲುವು ಎಂದು ನಾವು ಊರಿಗೆಲ್ಲ ಕಳಿಸಿದ್ದು ತಮ್ಮ ಎಲೆಯ ಎಂಜಲು.

ತಾವು ಬಿಡದೆ ತಿನ್ನುವ, ರುಚಿಯಾದ ಸೊಪ್ಪೂ ಅಲ್ಲಿಲ್ಲದೇ ಇಲ್ಲ. ಆದರೆ ಅದು ಕಮರಿಯ ಕಡಿಬಂಡೆಗಳಲ್ಲಿ, ತಮಗೂ ಕಾಲೂರಲಾಗದ ಬಿರುಕುಗಳಲ್ಲಿ ಮಾತ್ರ ಉಳಿದಿದೆ. ದ್ವೀಪದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಎಷ್ಟೋ ಗಿಡಗಳು ಹಾಗೆ ಗೋಡೆಗಂಟಿಕೊಂಡೇ ಜೀವ ಉಳಿಸಿಕೊಂಡಿವೆ. ಅವುಗಳಲ್ಲಿ ಹೆಸರಾದದ್ದು ದಿಕ್ತಮೊ. ಬೂದುಬಣ್ಣದ ಮೆತ್ತನೆ ನವಿರು ಮುಚ್ಚಿದ ದುಂಡೆಲೆ, ತಿಳಿನೇರಳೆ ಹೂ. ಅದನ್ನು ಕೀಳಲು ಹಗ್ಗ ಕಟ್ಟಿ ಇಳಿದು ಸತ್ತವರ ಕತೆಗಳು ದ್ವೀಪದಲ್ಲಿ ಬೇಕಾದಷ್ಟಿವೆ. ಈಗ ಹೊಲದಲ್ಲಿ ಬೆಳೆದು ಒಣಗಿಸಿ ಪೊಟ್ಟಣ ಕಟ್ಟಿ ಮಾರುತ್ತಾರೆ, ಕಷಾಯ ಮಾಡಿ ಕುಡಿಯುತ್ತಾರೆ. ತಮ್ಮ ಪೂರ್ವಜರು ಈ ಸೊಪ್ಪಿನ ವೈದ್ಯರಾಗಿದ್ದರು ಎಂಬುದನ್ನು ತಾವು ಮರೆತಿದ್ದರೆ ನೆನಪಿಸುತ್ತೇನೆ: ಕ್ರೀಟಿನ ಕಾಡಾಡುಗಳು ಬಾಣ ತಗುಲಿದಾಗ ದಿಕ್ತಮೊ ಹುಡುಕಿ ತಿನ್ನುತ್ತವೆ, ತಿಂದರೆ ನಾಟಿದ ಬಾಣ ಉದುರಿಬೀಳುತ್ತದೆ ಎಂದು ಹೇಳುತ್ತಾರೆ ಅಂತ ಅರಿಸ್ಟಾಟಲನೇ ಬರೆದಿದ್ದಾನೆ. ಮಹಾಪಂಡಿತ. ಬಾಣ ತಗುಲಿದ ಆಡಿನ ಹಿಂದೆ ತಾನೇ ಬೆಟ್ಟ ಹತ್ತಿ ನೋಡಿದೆ ಎನ್ನಲಿಲ್ಲ, ‘ಹೇಳುತ್ತಾರೆ’ ಎಂದು ಜಾರಿಕೊಂಡ.

ಪಂಡಿತರಿಂದ ತಮಗೆ ಒಳ್ಳೆಯ ಮಾತೂ ಸಂದಿದೆ, ಬೈಗುಳವೂ. ದ್ವೀಪವೆಲ್ಲ ದಟ್ಟ ಕಾಡಾಗಿತ್ತು, ಆಡು ತಿಂದು ಬೋಳುಗುಡ್ಡ ಮಾಡಿತು ಎಂದು ಬಹುಕಾಲ ತಮ್ಮ ಮೇಲೆ ಆರೋಪವಿತ್ತು. 1996ರಲ್ಲಿ ಆಲಿವರ್ ರ‍್ಯಾಕಮ್ ಮತ್ತು ಜೆನಿಫರ್ ಮೂಡಿ ಕ್ರೀಟಿನ ನೆಲದ ಚರಿತ್ರೆಯ ಬಗ್ಗೆ ಒಂದು ದಪ್ಪ ಪುಸ್ತಕ ಬರೆದು, ಸಂಗತಿ ಅಷ್ಟು ಸರಳವಲ್ಲ ಎಂದರು. ಆ ನೆಲ ಹಾಳಾದ ಸ್ವರ್ಗವಲ್ಲ. ಸಾವಿರಾರು ವರ್ಷ ಮನುಷ್ಯ, ಆಡು, ಬೆಂಕಿ, ಕೊಡಲಿ, ಬರ ಎಲ್ಲ ಸೇರಿ ಮಾಡಿದ ನೆಲ. ಈಚಿನ ದಶಕಗಳಲ್ಲಂತೂ ಎಷ್ಟೋ ಕಡೆ ಮರಗಳು ಹೆಚ್ಚಿವೆ ಎಂದು ತೋರಿಸಿದರು. ಹೀಗೆ ಸಾಕ್ಷ್ಯಾಧಾರದ ಕೊರತೆಯಿಂದ ತಮಗೆ ಭಾಗಶಃ ಖುಲಾಸೆ ಸಿಕ್ಕಿತು. ಆದರೆ ಇನ್ನೊಂದು ಪ್ರಕರಣ ವಿಚಾರಣೆಯಲ್ಲಿದೆ. 1981ರಲ್ಲಿ ಗ್ರೀಸ್ ಯುರೋಪಿನ ಆರ್ಥಿಕ ಸಮುದಾಯ ಸೇರಿದ ಮೇಲೆ ತಲೆಗಿಷ್ಟು ಎಂದು ಸಹಾಯಧನ ಬಂತು. ಪ್ಸಿಲೋರಿಟಿಸ್ ಬೆಟ್ಟದಲ್ಲಿ ತಮ್ಮ ಸಾಕಿದ ಬಂಧುಗಳ ತಲೆಗಳೂ ಹೆಚ್ಚಿದವು. ಬೆಟ್ಟದ ಹುಲ್ಲಿಗೆ ಅಷ್ಟು ಹೊಟ್ಟೆ ತುಂಬಿಸುವ ಶಕ್ತಿ ಇಲ್ಲ. ಅದಕ್ಕೆ ಕೆಳಗಿನಿಂದ ಲಾರಿಯಲ್ಲಿ ಮೇವು ಹತ್ತಿಸುತ್ತಾರೆ. ಇದರಲ್ಲಿ ಮೊದಲ ಆರೋಪಿ ಆಡೋ ಅರ್ಜಿ ನಮೂನೆಯೋ ಎಂಬುದನ್ನು ತಾವೇ ತೀರ್ಮಾನಿಸಬೇಕು.

ಆ ಬೆಟ್ಟದಲ್ಲಿ ಕುರಿಗಾಹಿಗಳು ಕಟ್ಟಿದ ಮಿಟಾಟೊ ಎಂಬ ಕಲ್ಲುಗುಡಿಸಲುಗಳನ್ನು ನೋಡಿ ಬಂದೆ. ಗಾರೆ ಇಲ್ಲ, ಮಣ್ಣಿಲ್ಲ. ಚಪ್ಪಡಿ ಮೇಲೆ ಚಪ್ಪಡಿಯನ್ನು ಒಂದಿಷ್ಟೇ ಒಳಚಾಚಿ ಇಡುತ್ತ ಮೇಲೆ ಗುಮ್ಮಟ ಕೂಡಿಸಿದ್ದಾರೆ. ಒಳಗೆ ಹಾಲು ಕಾಯಿಸುತ್ತಿದ್ದ ಒಲೆ, ಗಿಣ್ಣು ಹಣ್ಣಾಗಲು ಇಡುತ್ತಿದ್ದ ತಂಪು ಮೂಲೆ. ಒಂದರ ಬಾಗಿಲಲ್ಲಿ ಬಗ್ಗಿ ನೋಡಿದೆ. ಹೊರಗೆ ಸುಡುಬಿಸಿಲಿದ್ದರೂ ಒಳಗಿನ ಗಾಳಿ ತಣ್ಣಗೆ ಮುಖಕ್ಕೆ ಹೊಡೆಯಿತು, ಜತೆಗೆ ಹಿಕ್ಕೆಯ ವಾಸನೆ. ಈಗ ಅಲ್ಲಿ ಬೇಸಗೆ ಕಳೆಯುವವರು ಕಡಿಮೆ. ಕುರಿಗಾಹಿ ಬೆಳಿಗ್ಗೆ ಪಿಕಪ್ ವಾಹನದಲ್ಲಿ ಬಂದು, ಹಾರನ್ ಹೊಡೆದು, ಹಿಂಡು ಸೇರಿಸಿ, ಸಂಜೆಗೆ ಮನೆ ಸೇರುತ್ತಾನೆ. ನಾನು ಬೆವರು ಸುರಿಸಿ ಏರುತ್ತಿದ್ದಾಗ ಪಕ್ಕದಲ್ಲೇ ದೂಳೆಬ್ಬಿಸಿ ನಿಲ್ಲಿಸಿದ ಒಬ್ಬರು ‘ಹತ್ತಿಕೋ’ ಎಂದು ಕೈಸನ್ನೆ ಮಾಡಿದರು. ಬೇಡ, ನಡೆಯುತ್ತೇನೆ ಎಂದು ಕೈಯಾಡಿಸಿದೆ. ದುಡ್ಡಿಲ್ಲ ಎಂದುಕೊಂಡರೋ, ತಲೆ ಸರಿಯಿಲ್ಲ ಎಂದುಕೊಂಡರೋ, ಒಂದು ತುಂಡು ಗಿಣ್ಣು ಕೈಗಿಟ್ಟು ಹೋದರು. ಆ ಬೆಟ್ಟಗಳಲ್ಲಿ ಈಗ ಕಾಲ್ನಡಿಗೆ ಪ್ರವಾಸಿಗಳ ಕಸುಬು.

ದಾರಿಗಳೂ ನಮಗಾಗಿ ಆದವಲ್ಲ. ಕಲ್ದೆರಿಮಿ ಎಂಬ ಕಲ್ಲುಹಾಸಿನ ಹಾದಿಗಳು ಹೇಸರಗತ್ತೆಯ ಗೊರಸಿಗೆಂದು ಕಟ್ಟಿದವು. ಅರಡೇನ ಕಮರಿಯ ಎರಡೂ ಗೋಡೆಗಳಲ್ಲಿ ಅಂಕುಡೊಂಕಾಗಿ ಇಳಿದು ಏರುವ ಅಂಥದೊಂದು ಹಾದಿಯಲ್ಲಿ ನಡೆದೆ. ಅದು ಸೇರುವ ಊರು ಪಾಳುಬಿದ್ದಿದೆ. ಆಡಿನ ಕೊರಳಗಂಟೆಯೊಂದರ ಜಗಳ ಕೊಲೆಗೆ ತಿರುಗಿ, ಕೊಲೆಗೆ ಕೊಲೆಯಾಗಿ, ಕೊನೆಗೆ ಊರೇ ಗುಳೆ ಹೋಯಿತೆಂದು ಅಲ್ಲಿ ಹೇಳುತ್ತಾರೆ. ತಮ್ಮ ಕುಲದ ಒಂದು ಗಂಟೆಗೆ ಇಷ್ಟು ತೂಕವಿದೆ. 1986ರಲ್ಲಿ ಕಮರಿಗೆ ಅಡ್ಡಲಾಗಿ ಉಕ್ಕಿನ ಸೇತುವೆ ಬಂತು. ಊರು ಖಾಲಿಯಾಗಿ ಎಷ್ಟೋ ವರ್ಷದ ಮೇಲೆ ರಸ್ತೆ ಬರುವುದು ನಮ್ಮಲ್ಲೂ ಇದೆ, ಆಶ್ಚರ್ಯವೇನಿಲ್ಲ. ಈಗ ಜನ ಅದರ ಮೇಲಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು 138 ಮೀಟರ್ ಆಳಕ್ಕೆ ಹಾರುತ್ತಾರೆ, ಹಣ ಕೊಟ್ಟು. ಅಜ್ಜಂದಿರು ಬೀಳದಿರಲೆಂದು ಕಲ್ಲುಹಾಸು ಕಟ್ಟಿದ ಜಾಗವದು.

ಸ್ಪೇನಿನಿಂದ ಸೈಪ್ರಸ್‌ವರೆಗೆ ಹೋಗುವ ಇ4 ಎಂಬ ದೀರ್ಘ ಕಾಲುದಾರಿ ಕ್ರೀಟನ್ನೂ ಪಶ್ಚಿಮದಿಂದ ಪೂರ್ವಕ್ಕೆ ಹಾಯುತ್ತದೆ. ಹಳದಿ ಕಪ್ಪು ಗುರುತು ನೋಡಿಕೊಂಡು ಹೋಗಬೇಕು. ಆದರೆ ಆ ದ್ವೀಪದಲ್ಲಿ ಫಲಕವೆಂದರೆ ಗುರಿ ಅಭ್ಯಾಸಕ್ಕೆ ನೆಟ್ಟ ತಗಡು. ಗುಂಡಿನ ತೂತಿಲ್ಲದ ಫಲಕ ಕಂಡರೆ ಹೊಸದಿರಬೇಕು. ಎರಡು ಕಡೆ ಗುರುತು ತಪ್ಪಿ, ಮುಂದೇನು ಎಂದು ನಿಂತಾಗ ದಾರಿ ತೋರಿಸಿದ್ದು ಹಿಕ್ಕೆ. ಹಿಕ್ಕೆ ಇರುವ ಕಡೆ ಕಾಲಿಡಬಹುದು, ಹಸಿ ಹಿಕ್ಕೆ ಇದ್ದರೆ ತಾವು ಹತ್ತಿರದಲ್ಲೆಲ್ಲೋ ಇದ್ದೀರಿ. ಹಳದಿ ಕಪ್ಪು ಗುರುತಿಗಿಂತ ತಮ್ಮದು ಹೆಚ್ಚು ನಂಬಿಕಸ್ಥ, ಕಾಲಕಾಲಕ್ಕೆ ನವೀಕರಣವೂ ಆಗುತ್ತಿರುತ್ತದೆ.

ಈ ದಾರಿಗಳನ್ನು ನಿಜವಾಗಿ ಬಲ್ಲ ಒಬ್ಬ ಮನುಷ್ಯನನ್ನು ಇಲ್ಲಿ ಹೆಸರಿಸಲೇಬೇಕು. ಯೊರ್ಗೊಸ್ ಪ್ಸಿಹುಂಡಾಕಿಸ್, ಆಸಿ ಗೋನಿಯಾ ಎಂಬ ಹಳ್ಳಿಯ ಬಡ ಕುರಿಗಾಹಿ. 1941ರ ಮೇ 20ರಂದು ಜರ್ಮನ್ ಸೈನಿಕರು ಆಕಾಶದಿಂದ ಇಳಿದರು. ಗ್ರೀಸಿನ ದೊರೆ ಶ್ವೇತ ಪರ್ವತ ದಾಟಿ ಆಯಿಯಾ ರೂಮೆಲಿಯಲ್ಲಿ ಹಡಗು ಹತ್ತಿ ಪಾರಾದ. ಸೋತ ಮಿತ್ರಪಡೆ ಇಂಬ್ರೋಸ್ ಕಮರಿಯ ದಾರಿಯಲ್ಲಿ ದಕ್ಷಿಣದ ತೀರಕ್ಕೆ ಇಳಿಯಿತು. ಉಳಿದವರು ಬೆಟ್ಟ ಸೇರಿದರು. ಅಲ್ಲಿನ ಪ್ರತಿರೋಧದ ಗುಂಪುಗಳ ನಡುವೆ ಕಾಗದಪತ್ರ, ಕೆಲವೊಮ್ಮೆ ಭಾರವಾದ ಬ್ಯಾಟರಿಗಳನ್ನೂ ಹೊತ್ತು, ಹರಿದ ಬೂಟಿನಲ್ಲಿ, ರಾತ್ರಿ ಹೊತ್ತು, ಹಿಮದಲ್ಲೂ ಓಡಾಡಿದವನು ಪ್ಸಿಹುಂಡಾಕಿಸ್. ಯುದ್ಧ ಮುಗಿದ ಮೇಲೆ ಅವನಿಗೆ ಸಿಕ್ಕ ಬಹುಮಾನ ಜೈಲು: ಸೇನೆ ಬಿಟ್ಟು ಓಡಿದವನೆಂದು ತಪ್ಪಾಗಿ ಹಿಡಿದು ಹಾಕಿದರು. ಅಲ್ಲಿ ಕೂತು ತನ್ನ ಓಡಾಟದ ಕತೆ ಬರೆಯತೊಡಗಿದ. ಅವನ ಗೆಳೆಯ ಪ್ಯಾಟ್ರಿಕ್ ಲೀ ಫರ್ಮರ್, ಅಂದರೆ 1944ರ ಏಪ್ರಿಲ್‌ನಲ್ಲಿ ಜರ್ಮನ್ ಜನರಲ್ ಕ್ರೈಪೆಯನ್ನೇ ಅಪಹರಿಸಿ ಪ್ಸಿಲೋರಿಟಿಸ್ ಬೆಟ್ಟ ದಾಟಿಸಿದವರ ಮುಖಂಡ, ಅದನ್ನು ಇಂಗ್ಲಿಷಿಗೆ ತಂದು 1955ರಲ್ಲಿ ಪ್ರಕಟಿಸಿದ. ಅಷ್ಟೇನೂ ಶಾಲೆ ಕಲಿಯದ ಆ ಕುರಿಗಾಹಿ ಮುಂದೆ ಹೋಮರನ ಎರಡೂ ಮಹಾಕಾವ್ಯಗಳನ್ನು ಕ್ರೀಟಿನ ಆಡುನುಡಿಗೆ ಅನುವಾದಿಸಿದ. ಹೊಟ್ಟೆಗೆ ಮಾತ್ರ ಏನು ಮಾಡಿದ? ಮಾಲೆಮೆಯ ಸಮಾಧಿಭೂಮಿಯಲ್ಲಿ, ತಾನು ಯಾರ ವಿರುದ್ಧ ಓಡಾಡಿದ್ದನೋ ಆ ಜರ್ಮನ್ ಸೈನಿಕರ ಗೋರಿಗಳನ್ನು ನೋಡಿಕೊಳ್ಳುವ ಕೆಲಸ.

ಜನರಲ್‌ನನ್ನು ಅಪಹರಿಸಿ ಒಯ್ದ ದಾರಿಯಲ್ಲಿ ಈಗ ಚಾರಣಿಗರು ನಡೆಯುತ್ತಾರೆ. ಆ ಸಾಹಸ ಕೇಳಲು ಚೆನ್ನಾಗಿದೆ. ಅದೇ 1944ರ ಆಗಸ್ಟಿನಲ್ಲಿ ಪ್ಸಿಲೋರಿಟಿಸ್ ತಪ್ಪಲಿನ ಅನೊಯಿಯಾ ಹಳ್ಳಿಯನ್ನು ಜರ್ಮನರು ನೆಲಸಮ ಮಾಡಿದ್ದು ಕೇಳಲು ಅಷ್ಟು ಚೆನ್ನಾಗಿಲ್ಲ. ನಾನು ಬಂದಿದ್ದು ಜರ್ಮನಿಯಿಂದ, ನನ್ನ ಜತೆ ಬಸ್ಸಿನಲ್ಲಿದ್ದವರಲ್ಲಿ ಹೆಚ್ಚಿನವರೂ ಅಲ್ಲಿಯವರೇ. ಊರ ಕಾಫಿ ಅಂಗಡಿಯ ಅಜ್ಜ ನಮ್ಮೆಲ್ಲರಿಗೂ ಒಂದೊಂದು ಗುಟುಕು ರಕಿ ಬಿಟ್ಟಿ ಕೊಟ್ಟ. ಏನೂ ಹೇಳಲಿಲ್ಲ.

ಶಿಖರಗಳ ವಿಚಾರ ಹೆಚ್ಚು ಬೆಳೆಸುವುದಿಲ್ಲ. ಪ್ಸಿಲೋರಿಟಿಸ್ 2,456 ಮೀಟರ್, ಶ್ವೇತ ಪರ್ವತಗಳ ಪಾಕ್ನೆಸ್ 2,453. ಮೂರು ಮೀಟರಿನ ಈ ಅವಮಾನ ತಾಳದೆ ಪಶ್ಚಿಮದವರು ಪಾಕ್ನೆಸ್ ತುದಿಗೆ ಹೋದಾಗಲೆಲ್ಲ ಕಲ್ಲು ಪೇರಿಸಿ ಬರುತ್ತಾರಂತೆ. 

ಕೊನೆಗೆ ಆಯಿಯಾ ರೂಮೆಲಿ. ಕಮರಿ ಬಾಯಿ ಬಿಡುವ ಕಡೆ ಕಡಲು, ಕಪ್ಪು ನೊರಜುಗಲ್ಲಿನ ತೀರ, ತಣ್ಣನೆ ಬಿಯರು. ರಸ್ತೆ ಇಲ್ಲ, ಸಂಜೆಯ ಹಡಗೇ ಗತಿ. ಅದರ ಕಟಕಟೆ ಹಿಡಿದು ತೀರದ ಬಂಡೆಗಳನ್ನು ನೋಡಿದರೆ, ನೀರಿನಿಂದ ಎಷ್ಟೋ ಮೇಲೆ, ಅಲೆ ಕೊರೆದ ಹಳೆಯ ಗೆರೆಯೊಂದು ಉದ್ದಕ್ಕೂ ಸಾಗುತ್ತದೆ. ಕ್ರಿ.ಶ. 365ರ ಜುಲೈ 21ರ ಭೂಕಂಪದಲ್ಲಿ ದ್ವೀಪದ ನೈಋತ್ಯ ಮೂಲೆ ಸುಮಾರು 9 ಮೀಟರ್ ಮೇಲಕ್ಕೆ ಎದ್ದಿತು. ಪಶ್ಚಿಮ ತೀರದ ಫಲಸರ್ನ ಬಂದರು ಒಣನೆಲವಾಗಿ ನಿಂತಿತು, ಇಂದಿಗೂ ಹಾಗೇ ಇದೆ. ಪಾಕ್ನೆಸ್‌ನವರು ಕಲ್ಲು ಪೇರಿಸುತ್ತ ಕೂರುವ ಬದಲು ಇನ್ನೊಂದು ಅಂಥದ್ದಕ್ಕೆ ಕಾಯಬಹುದು. ಹಡಗಿನಲ್ಲಿ ಎಲ್ಲರೂ ಬೂಟು ಕಳಚಿ ಗುಳ್ಳೆ ಎಣಿಸಿಕೊಳ್ಳುತ್ತಿದ್ದರು. ಆ ಗೆರೆಯತ್ತ ಯಾರೂ ನೋಡಲಿಲ್ಲ, ಕರಪತ್ರದಲ್ಲಿ ಇರಲಿಲ್ಲ.

ಆದಕಾರಣ, ಮಾನ್ಯರೇ, ಕೆಳಕಂಡ ಕೋರಿಕೆಗಳನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ. ಕೈ ಸೋಕದ ನಿಸರ್ಗ ಎಂಬ ಕರಪತ್ರಗಳು ಎಲ್ಲೇ ಸಿಕ್ಕರೂ ತಾವು ದಯವಿಟ್ಟು ತಿಂದುಬಿಡಬೇಕು. ಸಮರಿಯಾ ಊರಿನ ಮನೆಗಳ ಎದುರು ಫೋಟೋಗೆ ನಿಲ್ಲುವಾಗ, ಅಲ್ಲಿದ್ದವರು ಎಲ್ಲಿ ಹೋದರೆಂದು ಯಾರಾದರೂ ಕೇಳಿದರೆ ಮುಖ ತಿರುಗಿಸದೆ ಒಮ್ಮೆಯಾದರೂ ಅರಚಬೇಕು. ಊರಾಡುಗಳ ಜತೆ ತಮ್ಮ ಮಕ್ಕಳು ಓಡಿಹೋದರೆ ಹರಸಬೇಕು. ಕಲ್ಲು ಉರುಳಿಸುವುದನ್ನು ನಿಲ್ಲಿಸಿ ಎಂದು ಕೇಳುವಷ್ಟು ದುರಾಸೆ ನನಗಿಲ್ಲ. ಕೆಳಗೆ ಯಾರಾದರೂ ಫೋನಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು ಬರುತ್ತಿದ್ದರೆ ಮಾತ್ರ, ಗುರಿಯ ವಿಚಾರದಲ್ಲಿ ತಮ್ಮ ವಿವೇಚನೆಗೆ ಬಿಟ್ಟದ್ದು.

ಇಂತಿ ತಮ್ಮ ವಿಶ್ವಾಸಿ,
ಎರಡು ಕಾಲಿನ ಒಬ್ಬ ಚಾರಣಿಗ

ಪ್ರತಿ, ಮಾಹಿತಿಗಾಗಿ:
ಅಮಾಲ್ಥಿಯಾ ದೇವಿಯವರಿಗೆ, ಜ್ಯೂಸ್ ದೇವನಿಗೆ ಹಾಲೂಡಿಸಿದ ಆಡು. ವಿಳಾಸ ಈಡಾ ಗುಹೆಯೋ ದಿಕ್ತಿ ಗುಹೆಯೋ ಎಂಬ ತಕರಾರು ಬಗೆಹರಿಯದ ಕಾರಣ ಎರಡೂ ಕಡೆಗೆ ಕಳಿಸಲಾಗಿದೆ.
ದ್ವೀಪದ ಗಡ್ಡದ ರಣಹದ್ದುಗಳಿಗೆ, ಶ್ವೇತ ಪರ್ವತಗಳ ಮೇಲ್ಭಾಗ. ತಾವು ಹೆಚ್ಚಾಗಿ ಮೂಳೆಯನ್ನೇ ಸ್ವೀಕರಿಸುವಿರೆಂದು ಗೊತ್ತಿದೆ. ಮೂಲ ವಿಳಾಸದಾರರು ಕಾಲಕ್ರಮದಲ್ಲಿ ತಮ್ಮ ಮುಂದೆ ಖುದ್ದು ಹಾಜರಾಗಲಿದ್ದಾರೆ, ಅಲ್ಲಿಯವರೆಗೆ ಕಡತವನ್ನು ಬಾಕಿ ಇಡುವುದು.